ಪಾತ್ರೆ ಅಂಕಲ್ ಅವರ ಎಡಗೈ

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳಿನಷ್ಟು ಕೆಳಗಿತ್ತು. ಎಡ ಮುಂಗೈ ಬಲದ್ದಕ್ಕಿಂತ ದಪ್ಪ. ಎಡ ಮೊಣಕೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ, ಸದಾ ಸ್ವಲ್ಪ ಬಾಗಿಯೇ ಇರುತ್ತಿತ್ತು. ಹುಳಿ ಮಾಡಿದ ದೊಡ್ಡ ಪಾತ್ರೆಯೊಳಗೆ ತಲೆ ತೂರಿಸಿ ಅವರು ತಳ ತಿಕ್ಕುವಾಗ ಆ ತೋಳಿನ ಸ್ನಾಯು ಹಗ್ಗದ ಹಾಗೆ ಎದ್ದು ಕಾಣುತ್ತಿತ್ತು. ನಾನು ಹೂಸ್ಟನ್ನಿನ ಮೆಡಿಕಲ್ ಸೆಂಟರ್‌ನಲ್ಲಿ ಮೂವತ್ತೆಂಟು ವರ್ಷ ಆಪರೇಷನ್ ಥಿಯೇಟರ್ ನರ್ಸ್ ಆಗಿದ್ದವಳು. ಮನುಷ್ಯರ ಮೈ ನೋಡಿ ಅವರ ಬದುಕನ್ನು ಊಹಿಸುವುದು ನನಗೆ ಅಭ್ಯಾಸ. ಆದರೂ ಹನ್ನೆರಡು ವರ್ಷ ತಿಂಗಳು ತಿಂಗಳೂ ಆ ತೋಳನ್ನು ಕಂಡೆ. ಇದು ಯಾಕೆ ಹೀಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಈ ಮಾತು ಈಗಲೂ ನನ್ನನ್ನು ಬೆಚ್ಚಿಬೀಳಿಸುತ್ತದೆ.

ಹೂಸ್ಟನ್ ಪಕ್ಕದ ಪೇರ್ಲ್ಯಾಂಡ್‌ನ ಒಂದು ಬಾಡಿಗೆ ಹಾಲಿನಲ್ಲಿ ಪ್ರತಿ ತಿಂಗಳ ಮೊದಲ ಭಾನುವಾರ ನಮ್ಮ ಕನ್ನಡದವರ ಊಟ. ನೂರು ನೂರಿಪ್ಪತ್ತು ಜನ ಸೇರುತ್ತಾರೆ. ಉದ್ದನೆಯ ಮೇಜುಗಳ ಮೇಲೆ ಎಲೆ ಹಾಕಿ ಪಂಕ್ತಿಯಲ್ಲೇ ಬಡಿಸುವುದು ನಮ್ಮ ಪದ್ಧತಿ. ಬಡಿಸುವ ಜವಾಬ್ದಾರಿ ನನ್ನದು. ನಾನು ಮೈಸೂರಿನಲ್ಲಿ ನರ್ಸಿಂಗ್ ಕಲಿತದ್ದು ಬೆಳಗ್ಗೆ ಐದಕ್ಕೆ ಹಾಸಿಗೆಯ ಮಡಿಕೆಯನ್ನು ಅಳೆದು ನೋಡುತ್ತಿದ್ದ ಮೇಟ್ರನ್ ಒಬ್ಬರ ಕೈಕೆಳಗೆ. ಹಾಗಾಗಿ ಹಾಲಿನ ಗೋಡೆಗೆ ನನ್ನದೊಂದು ಪಟ್ಟಿ ಅಂಟಿರುತ್ತದೆ: ಯಾರು ಉಪ್ಪು, ಯಾರು ಕೋಸಂಬರಿ, ಯಾರು ಹುಳಿ. ಹನ್ನೆರಡೂ ಕಾಲಿಗೆ ಮೊದಲ ಸೌಟು ಏಳಬೇಕು. ಹನ್ನೆರಡು ಹದಿನಾರಕ್ಕೆ ಎದ್ದರೆ ನನಗೆ ಸಮಾಧಾನವಿಲ್ಲ. ಅಲ್ಲಿ ಎಲ್ಲರೂ ನನ್ನನ್ನು ಸಿಸ್ಟರ್ ಆಂಟಿ ಎನ್ನುತ್ತಾರೆ. ನನಗಿಂತ ದೊಡ್ಡವರೂ ಹಾಗೇ ಕರೆಯುತ್ತಾರೆ.

ಅವರು ಮೊದಲ ಸಲ ಬಂದಾಗ ಕ್ಲಿಯರ್ ಲೇಕ್‌ನ ಎಂಜಿನಿಯರ್ ಕೆಲಸದಿಂದ ನಿವೃತ್ತರಾಗಿ ಸ್ವಲ್ಪ ದಿನವಾಗಿತ್ತು. ಹೆಂಡತಿ ತೀರಿಕೊಂಡು ಒಂದು ವರ್ಷ. ಧಾರವಾಡದ ಕಡೆಯವರು. ನೇರ ನನ್ನ ಹತ್ತಿರ ಬಂದು, "ನನಗ ಬಡಸೂ ಕೆಲಸ ಕೊಡ್ರಿ ಸಿಸ್ಟರ್. ನಮ್ಮಪ್ಪ ಮದುವಿ ಮನ್ಯಾಗ ಬಡಸ್ತಿದ್ರು. ಭಾಳ ಛಲೋ ಕೆಲಸ ಅದು," ಎಂದರು. ನಾನು ಹುಳಿ ಬಕೆಟ್ ಕೊಟ್ಟೆ.

ಬಕೆಟ್ಟನ್ನು ಬಲಗೈಯಲ್ಲಿ ಹಿಡಿದು, ಸೌಟನ್ನು ಎಡಗೈಗೆ ತೆಗೆದುಕೊಂಡರು. ಎರಡು ಎಲೆಗೆ ಬಡಿಸಿಯೂ ಆಗಿತ್ತು. ಮೂರನೆಯದಕ್ಕೆ ಬಗ್ಗುವಷ್ಟರಲ್ಲಿ ನಾನು ಕಂಡೆ.

"ಏನ್ರೀ ಇದು! ಎಡಗೈಯಲ್ಲಿ ಬಡಿಸ್ತಾರೇನ್ರೀ ಯಾರಾದ್ರೂ? ಕೈ ಬದಲಾಯಿಸಿ!"

ನನ್ನ ದನಿ ಥಿಯೇಟರಿನ ದನಿ. ಇಡೀ ಹಾಲ್ ತಿರುಗಿ ನೋಡಿತು. ಯಾರೋ ನಕ್ಕರು. ಅವರ ಕಿವಿ ಕೆಂಪಗಾಯಿತು. "ತಪ್ಪಾತ್ರಿ," ಎಂದು ಸೌಟು ಬದಲಾಯಿಸಿದರು. ಐದನೆಯ ಎಲೆಯ ಹೊತ್ತಿಗೆ ಹುಳಿ ಒಬ್ಬರ ರೇಷ್ಮೆ ಸೀರೆಯ ಮೇಲಿತ್ತು. ಮುಂದಿನ ತಿಂಗಳು ಅವರಿಗೆ ಪಲ್ಯ ಕೊಟ್ಟೆ, ಚೆಲ್ಲಿದರು. ಅದರ ಮುಂದಿನ ತಿಂಗಳು ನೀರು, ಅದನ್ನೂ ಚೆಲ್ಲಿದರು. ನನ್ನ ನೋಟ್‌ಬುಕ್ಕಿನಲ್ಲಿ ಅವರ ಹೆಸರಿನ ಮುಂದೆ "ಕೈ ನಿಧಾನ, ಬಡಿಸಲು ಆಗದು" ಎಂದು ಬರೆದು ಹಿಂದಿನ ಕೋಣೆಗೆ, ಪಾತ್ರೆ ತೊಳೆಯಲು ಹಾಕಿದೆ. ತೊಳೆಯುವುದಕ್ಕೆ ಎಡಗೈ ಬಳಸಿದರೆ ನಮ್ಮಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಹಾಗೆ ಅವರು ಪಾತ್ರೆ ಅಂಕಲ್ ಆದರು. ಮಕ್ಕಳು ಇಟ್ಟ ಹೆಸರು; ನಮ್ಮ ಬಾಯಿಗೂ ಅದೇ ಬಂತು. ಹನ್ನೆರಡು ವರ್ಷದಲ್ಲಿ ಒಂದು ಭಾನುವಾರವೂ ತಪ್ಪಿಸಲಿಲ್ಲ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿ, ತಲೆಗೆ ಮಾಸಿದ ಕ್ಯಾಪು ಹಾಕಿಕೊಂಡು ನಿಲ್ಲುತ್ತಿದ್ದರು. ತಳ ಹತ್ತಿದ ಪಾಯಸದ ಪಾತ್ರೆ ಬಂದರೆ ಅವರಿಗೆ ಖುಷಿ: "ಬಾರೋ ಮಗನ, ನಿನ್ನ ನೋಡ್ಕೋತೀನಿ," ಎಂದು ಪಾತ್ರೆಯನ್ನೇ ಮಾತಾಡಿಸುವರು. ಒಂದು ಅಭ್ಯಾಸ ಮಾತ್ರ ನನಗೆ ಅರ್ಥವಾಗುತ್ತಿರಲಿಲ್ಲ. ಹುಳಿ ಬಡಿಸುವ ಸಮಯಕ್ಕೆ ಸರಿಯಾಗಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಸೌಟು ಎಲೆಯಿಂದ ಎಲೆಗೆ ಹೋಗುವುದನ್ನು ಸಾಲಿನ ಕೊನೆಯವರೆಗೂ ನೋಡಿ ಒಳಗೆ ಹೋಗುತ್ತಿದ್ದರು.

"ಹಸಿವಾಯ್ತಾ?" ಎಂದು ನಾನು ಕೇಳಿದರೆ, "ಇಲ್ರೀ, ಸುಮ್ಮ ನೋಡ್ತೀನಿ," ಎನ್ನುವರು.

ಈಗ ನನ್ನ ಮಗನ ವಿಷಯ. ವಯಸ್ಸು ನಲವತ್ತಾರು. ಹುಟ್ಟಿದ್ದು ಹೂಸ್ಟನ್ನಿನಲ್ಲಿ. ಭಾನುವಾರ ಬಂದರೆ ಹಿರಿಯ ಹುಡುಗರ ಬೇಸ್‌ಬಾಲ್ ಲೀಗ್ ಎಂದು ಮೈದಾನಕ್ಕೆ ಓಡುತ್ತಾನೆ. ಹಾಗಾಗಿ ನಮ್ಮ ಊಟಕ್ಕೆ ಒಮ್ಮೆಯೂ ಬಂದವನಲ್ಲ. ಅವನು ಎಲ್ಲ ಕೆಲಸವನ್ನೂ ಬಲಗೈಯಲ್ಲೇ ಮಾಡುತ್ತಾನೆ, ಬ್ಯಾಟನ್ನು ಮಾತ್ರ ಎಡಗೈಯವರ ಹಾಗೆ ಬೀಸುತ್ತಾನೆ. ಹೋದ ವರ್ಷ ಒಂದು ದಿನ ಮುಖ ಇಳಿಸಿಕೊಂಡು ಮನೆಗೆ ಬಂದ.

"ಕೋಚ್ ನನ್ನನ್ನ ಮತ್ತೆ ಬೆಂಚ್ ಮೇಲೆ ಕೂರಿಸಿದ, ಅಮ್ಮಾ. ಅವರ ಪಿಚರ್ ಲೆಫ್ಟಿ. ಐ ಕಾಂಟ್ ಹಿಟ್ ಲೆಫ್ಟೀಸ್."

"ಚೆಂಡು ಅದೇ, ಬ್ಯಾಟ್ ಅದೇ. ಎಸೆಯುವವನ ಎಡಗೈಯಿಂದ ಬಂದರೆ ಏನು ವ್ಯತ್ಯಾಸ?"

ಅವನು ಊಟದ ಮೇಜಿನ ಹತ್ತಿರ ನಿಂತು ತೋರಿಸಿದ. ಎಡಕ್ಕೆ ನಿಂತು ಬ್ಯಾಟ್ ಬೀಸುವವನಿಗೆ ಬಲಗೈಯವನ ಚೆಂಡು ಕಣ್ಣೆದುರು ಬಿಚ್ಚಿಕೊಳ್ಳುತ್ತಾ ಬರುತ್ತದೆ. ಎಡಗೈಯವನ ಚೆಂಡು ಬರುವುದು ತನ್ನ ಬೆನ್ನ ಹಿಂದಿನಿಂದ ಬಂದ ಹಾಗೆ. ಕಣ್ಣು ಅದನ್ನು ಹಿಡಿಯುವಷ್ಟರಲ್ಲಿ ಮೈ ತಾನಾಗಿಯೇ ಹಿಂದೆ ಸರಿದಿರುತ್ತದೆ. ದೊಡ್ಡ ದೊಡ್ಡ ಆಟಗಾರರಿಗೂ ಇದೇ ಕಾಯಿಲೆಯಂತೆ. ಬಲಗೈಯವರ ಮುಂದೆ ಹುಲಿ, ಎಡಗೈಯವರ ಮುಂದೆ ಇಲಿ. ಅಭ್ಯಾಸ ಮಾಡೋಣವೆಂದರೆ ಎಡಗೈ ಪಿಚರ್‌ಗಳೇ ಕಡಿಮೆ. ಮಷೀನು ಚೆಂಡು ಉಗುಳುತ್ತದೆ, ಆದರೆ ಅದಕ್ಕೆ ಕೈಯೇ ಇಲ್ಲವಲ್ಲ.

ಆಮೇಲೆ ಒಂದು ದಿನ ನಗುತ್ತಾ ಬಂದ. "ಲೆಫ್ಟಿ ಅಂಕಲ್ ಒಬ್ಬರು ಸಿಕ್ಕಿದಾರೆ. ಶನಿವಾರ ಬೆಳಗ್ಗೆ ಪಾರ್ಕಲ್ಲಿ ಯಾರು ಬಂದ್ರೂ ಚೆಂಡು ಹಾಕ್ತಾರೆ. ಸೆವೆಂಟಿ ಇಯರ್ಸ್ ಓಲ್ಡ್! ಯು ಶುಡ್ ಸೀ ಹಿಸ್ ಕರ್ವ್. ಚೆಂಡು ಗಾಳಿಯಲ್ಲೇ ತಿರುಗತ್ತೆ."

ಹಲವು ತಿಂಗಳು ನಮ್ಮ ಮನೆಯಲ್ಲಿ ಲೆಫ್ಟಿ ಅಂಕಲ್‌ನದೇ ಮಾತು. ಲೆಫ್ಟಿ ಅಂಕಲ್ ಹೀಗೆ ನಿಲ್ಲು ಅಂದರು, ಲೆಫ್ಟಿ ಅಂಕಲ್ ಭುಜ ತೆರೆಯಬೇಡ ಅಂದರು. ಯಾರೋ ಗುಜರಾತಿಯೋ ಪಂಜಾಬಿಯೋ ಇರಬೇಕೆಂದು ನಾನು ಕೇಳಿಕೊಂಡು ಸುಮ್ಮನಿದ್ದೆ.

ಈ ವರ್ಷ ಫೆಬ್ರವರಿಯ ಒಂದು ಶನಿವಾರ ಮಗನ ಜೊತೆ ನಾನೂ ಆ ಪಾರ್ಕಿಗೆ ವಾಕಿಂಗ್ ಹೋದೆ. ಏಳು ಗಂಟೆ. ಎರಡನೆಯ ಸುತ್ತಿನಲ್ಲಿ ಮೈದಾನದ ತಂತಿಬೇಲಿಯ ಪಕ್ಕ ಬಂದಾಗ ಮುದುಕರೊಬ್ಬರು ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತು ಚೆಂಡು ಎಸೆಯುತ್ತಿದ್ದರು. ಬಲಗಾಲನ್ನು ಮೆಲ್ಲಗೆ ಎತ್ತಿ, ಮೈಯನ್ನು ಬಾಗಿಲು ತೆರೆದ ಹಾಗೆ ತಿರುಗಿಸಿ, ಎಡಗೈಯನ್ನು ಹಿಂದಿನಿಂದ ತಂದು ಬೀಸಿದರು. ಆ ಎಸೆತದಲ್ಲಿ ಆತುರವಿಲ್ಲ, ಒಂದಿಷ್ಟೂ ವ್ಯರ್ಥವಿಲ್ಲ. ಚೆಂಡು ಗಾಳಿಯಲ್ಲಿ ಸೊಂಟ ಬಳುಕಿಸಿ ಹೋಗಿ ಕ್ಯಾಚರ್‌ನ ಗವುಸಿನೊಳಗೆ ಟಪ್ ಎಂದಿತು. ಮಗ ಬ್ಯಾಟ್ ಬೀಸಿ ಗಾಳಿ ಹೊಡೆದ. ಒಳ್ಳೆಯ ಸರ್ಜನ್‌ನ ಕೈ ಕಂಡಾಗ ನನಗೆ ಉಸಿರು ಹಿಡಿಯುತ್ತದೆ. ಅವತ್ತು ಹಾಗೇ ಹಿಡಿಯಿತು.

ಅವರು ಕ್ಯಾಪು ತೆಗೆದು ಬೆವರು ಒರೆಸಿಕೊಂಡರು. ಪಾತ್ರೆ ಅಂಕಲ್!

ನಾನು ತಂತಿಬೇಲಿ ಹಿಡಿದು ನಿಂತೆ. ಅಷ್ಟರಲ್ಲಿ ಅವರೂ ನನ್ನನ್ನು ಕಂಡರು. ಅವರು ಆಗ ಮಾಡಿದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಎಡಗೈಯಲ್ಲಿದ್ದ ಚೆಂಡನ್ನು ಥಟ್ಟನೆ ಬಲಗೈಗೆ ಬದಲಾಯಿಸಿಕೊಂಡರು. ಬಲಗೈಯಲ್ಲಿ ಗವುಸು ಇತ್ತು, ಚೆಂಡು ನಿಲ್ಲದೆ ಕೆಳಗೆ ಬಿತ್ತು. ಎಡಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಎಪ್ಪತ್ತು ವರ್ಷದ ಮನುಷ್ಯ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ನನ್ನ ಮುಂದೆ ನಿಂತಿದ್ದರು.

"ನಮಸ್ಕಾರ್ರೀ ಸಿಸ್ಟರ್," ಎಂದರು.

ಮಗ ನಮ್ಮಿಬ್ಬರನ್ನೂ ನೋಡಿ, "ಯು ಗೈಸ್ ನೋ ಈಚ್ ಅದರ್?" ಎಂದ.

ನಾನು ಬೆಂಚಿನ ಮೇಲೆ ಕೂತುಬಿಟ್ಟೆ. ನನ್ನ ಥಿಯೇಟರಿನಲ್ಲಿ ಒಬ್ಬ ಎಡಗೈ ಸರ್ಜನ್ ಇದ್ದರು. ಅವರಿಗಾಗಿ ನಾನು ಟ್ರೇಯನ್ನು ತಿರುಗಾಮುರುಗಾ ಜೋಡಿಸುತ್ತಿದ್ದೆ, ಎಡಗೈ ಕತ್ತರಿಗಳನ್ನು ಬೇರೆಯಾಗಿ ಇಡಿಸಿದ್ದೆ. ತಪ್ಪು ಕಡೆಯಿಂದ ಸಲಕರಣೆ ಕೊಟ್ಟ ಹೊಸ ನರ್ಸನ್ನು, "ಅವರ ಕೈ ಯಾವುದು ಅಂತ ನೋಡುವ ವ್ಯವಧಾನ ಇಲ್ಲವಾ ನಿನಗೆ?" ಎಂದು ಗದರಿದ್ದೆ. ಅದೇ ನಾನು, ಅದೇ ಕಣ್ಣು. ಭಾನುವಾರ ಹಾಲಿಗೆ ಬಂದ ಕೂಡಲೇ ಆ ಕಣ್ಣು ಎಲ್ಲಿ ಹೋಗುತ್ತಿತ್ತು?

ಚೆಂಡು ಹಾಕಿ ಮುಗಿಸಿ ಅವರು ಪಕ್ಕದಲ್ಲಿ ಬಂದು ಕೂತರು. ಶಾಲೆಯಲ್ಲಿ ಮಾಸ್ತರರು ಅವರ ಎಡಗೈ ಬೆರಳ ಗೆಣ್ಣಿಗೆ ಹೊಡೆದು ಬಲಗೈಯಲ್ಲಿ ಬರೆಯುವುದನ್ನು ಕಲಿಸಿದ್ದರಂತೆ. ತಾಯಿ ಬಲಗೈಯಲ್ಲಿ ಉಣ್ಣುವುದನ್ನು ಕಲಿಸಿದ್ದರು. ಎಸೆಯುವುದನ್ನು ಮಾತ್ರ ಯಾರೂ ತಿದ್ದಲಿಲ್ಲ. ಕ್ಲಿಯರ್ ಲೇಕ್‌ನ ಆಫೀಸಿನಲ್ಲಿ ಒಂದು ದಿನ ಕಾಗದ ಮುದ್ದೆ ಮಾಡಿ ಎಡಗೈಯಿಂದ ಕಸದ ಬುಟ್ಟಿಗೆ ಎಸೆದದ್ದನ್ನು ಮೇಲಧಿಕಾರಿ ಕಂಡು, ಶನಿವಾರ ಆಫೀಸಿನ ಟೀಮಿಗೆ ಬಾ ಎಂದನಂತೆ. ಟೀಮಿನಲ್ಲಿ ಒಬ್ಬ ಎಡಗೈಯವನೂ ಇರಲಿಲ್ಲ.

"ಎದುರಿನವರು ಎಡಕ್ಕ ನಿಂತು ಆಡೂ ಗಟ್ಟಿ ಬ್ಯಾಟರ್‌ನ ಕಳಿಸಿದಾಗ ನನ್ನ ಕರೀತಿದ್ರು. ನಾಕು ಚೆಂಡು, ಐದು ಚೆಂಡು. ಅಂವ ಔಟಾದ್ರ ನನ್ನ ಕೆಲಸ ಮುಗೀತು, ಬಂದು ಕೂಡೂದು. ನನ್ನ ಎಡಗೈಗೆ ಮೊದಲನೇ ಸಲ ಮರ್ಯಾದಿ ಸಿಕ್ಕಿದ್ದು ಅಲ್ಲೇ ರೀ."

ಚೀಲದಿಂದ ಒಂದು ಗೆರೆಯ ಪುಸ್ತಕ ತೆಗೆದರು. ಅವರ ಹತ್ತಿರ ಅಭ್ಯಾಸಕ್ಕೆ ಬರುವ ಪ್ರತಿಯೊಬ್ಬನಿಗೂ ಎದುರುಬದುರು ಎರಡು ಪುಟ. ಬಲಪುಟದಲ್ಲಿ ಬಲಗೈ ಪಿಚರ್‌ಗಳ ಎದುರು ಆಡಿದ್ದು, ಎಡಪುಟದಲ್ಲಿ ಎಡಗೈಯವರ ಎದುರು. ನನ್ನ ಮಗನ ಬಲಪುಟದ ತುಂಬ ಸರಿ ಗುರುತು, ಎಡಪುಟದ ತುಂಬ ತಪ್ಪು ಗುರುತು.

"ಇದೊಂದ ಪುಟ ನೋಡಿದ್ರ ಇಂವಗ ಆಡ್ಲಿಕ್ಕೆ ಬರೂದಿಲ್ಲ ಅಂತ ಬರೀಬೇಕಾಗ್ತದ. ಹೌದಿಲ್ರಿ? ಅದಕ್ಕ ಎರಡೂ ಪುಟ ಬೇಕು. ಮನಷ್ಯಾ ಒಬ್ಬನ, ಎದುರಿಗೆ ಬಂದದ್ದು ಬ್ಯಾರೆ."

ಅವರು ಹೇಳಿದ್ದು ಮಗನ ಆಟದ ಮಾತು. ನನಗೆ ನೆನಪಾದದ್ದು ನನ್ನ ನೋಟ್‌ಬುಕ್ಕಿನ ಒಂದೇ ಸಾಲು.

"ಹುಳಿ ಬಡಿಸೋಕೆ ವಾಪಸ್ ಬನ್ನಿ," ಎಂದೆ. "ಎಡಗೈಯಲ್ಲೇ."

"ಬ್ಯಾಡ್ರಿ. ಮಂದಿ ಉಣ್ಣಲಿಕ್ಕೆ ಬಂದಿರ್ತಾರ. ಯಾಕ ಅವರಿಗೆ ತ್ರಾಸು?"

"ಮಗಳನ್ನೂ ಕರ್ಕೊಂಡು ಬನ್ನಿ. ಆಸ್ಟಿನ್‌ನಲ್ಲಿದಾಳೆ ಅಂತೀರಿ, ಒಂದು ಸಲವೂ ತೋರಿಸಿಲ್ಲ."

ಅವರು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದರು. "ಆಕಿ ಬರಂಗಿಲ್ರಿ. ಮೊದಲನೇ ದಿನ ನನ್ನ ಕೂಡ ಬಂದಿದ್ಲು. ನೀವು ನನ್ನ ನಿಲ್ಲಿಸಿದ್ರಲ್ಲ, ಆ ಮೂರನೇ ಎಲಿ ಆಕಿದು. ಆಕಿನೂ ಎಡಗೈನ ರೀ. ನಾನು ಬೈಸಿಕೊಂಡಿದ್ದು ಆಕಿಗೆ ಏನೂ ಅನ್ನಿಸ್ಲಿಲ್ಲಂತ. ತಪ್ಪಾತು ಅಂತ ಕೈ ಬದಲಾಯಿಸಿದ್ನಲ್ಲ, ಅದಕ್ಕ ಸಿಟ್ಟು. 'ಯಾರೇ ಹೇಳಿದ್ರೂ ಕೈ ಬದಲಾಯಿಸಬ್ಯಾಡ ಅಂತ ನನಗ ಹೇಳಿದವರು ನೀವ ಅಲ್ಲೇನು, ಅಪ್ಪ' ಅಂದ್ಲು. ಎದ್ದು ಹೋದ್ಲು."

ಆ ಎಲೆಯ ಹಿಂದೆ ಕೂತವರ ಮುಖ ನೆನಪಿಸಿಕೊಳ್ಳಲು ನಾನು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ನಾನು ಸೌಟನ್ನು ಮಾತ್ರ ನೋಡಿದ್ದೆ.

ಒಪ್ಪಿಸಲು ಮೂರು ಶನಿವಾರ ಹಿಡಿಯಿತು. ಏಪ್ರಿಲ್‌ನ ಊಟದಲ್ಲಿ ಗೋಡೆಯ ಪಟ್ಟಿಯಲ್ಲಿ ಹುಳಿಯ ಎದುರು ಅವರ ಹೆಸರು ಬರೆದೆ. ಆಮೇಲೆ ನಾನು ಅಲ್ಲಿಯವರೆಗೆ ಎಂದೂ ಮಾಡದ ಕೆಲಸ ಮಾಡಿದೆ. ಎಲ್ಲರೂ ಉಂಡ ಮೇಲೆ ಉಣ್ಣುವವಳು ನಾನು, ಅವತ್ತು ಮೊದಲ ಪಂಕ್ತಿಯ ಮೊದಲ ಎಲೆಗೆ ಹೋಗಿ ಕೂತೆ. ಆ ಸೌಟು ಮೊದಲು ನನ್ನ ಎಲೆಗೇ ಬಗ್ಗಲಿ ಎಂದು.

ಎದುರು ಕೂತ ಯಜಮಾನರೊಬ್ಬರು, "ಏನ್ ಸಿಸ್ಟರ್ ಆಂಟಿ, ರೂಲ್ ಚೇಂಜ್ ಆಯ್ತಾ?" ಎಂದರು.

"ಆಯ್ತು."

"ಯಾವಾಗಿಂದ?"

"ಹನ್ನೆರಡೂ ಕಾಲಿನಿಂದ."

ಅವರು ಬಂದರು. ಬಲಗೈಯಲ್ಲಿ ಬಕೆಟ್, ಎಡಗೈಯಲ್ಲಿ ಸೌಟು. ನನ್ನ ಅನ್ನದ ನಡುವಿನ ಗುಳಿಗೆ ಒಂದು ಹನಿ ಆಚೀಚೆ ಹೋಗದಂತೆ ಹುಳಿ ಇಳಿಯಿತು. ನನ್ನ ಕಣ್ಣು ತುಂಬಿತು. ಕಣ್ಣೀರು ಕೆಳಗೆ ಬೀಳುವ ಮೊದಲೇ ಪಕ್ಕದ ಎಲೆಯಲ್ಲಿ ನಡೆದದ್ದು ಕಂಡು ಅಲ್ಲೇ ಒಣಗಿತು. ಪಕ್ಕದಲ್ಲಿ ಕೂತಾಕೆ ಹತ್ತು ವರ್ಷದಿಂದ ನನ್ನ ಬಲಗೈಬಂಟಳು, ಬಡಿಸುವ ಪದ್ಧತಿಯನ್ನೆಲ್ಲ ನಾನೇ ಕಲಿಸಿದವಳು. ಎರಡೂ ಅಂಗೈಗಳನ್ನು ಎಲೆಯ ಮೇಲೆ ಅಡ್ಡ ಹಿಡಿದಿದ್ದಳು.

"ನಂಗೆ ಹುಳಿ ಬೇಡಪ್ಪ. ಅಸಿಡಿಟಿ."

ಅವರು ಒಂದು ಕ್ಷಣ ನಿಂತು, ತಲೆಯಾಡಿಸಿ ಮುಂದಿನ ಎಲೆಗೆ ಹೋದರು. ಅಲ್ಲೂ ಅಡ್ಡ ಕೈ. ಅದರ ಮುಂದಿನವರು ಹಾಕಿಸಿಕೊಂಡರು. ಸಾಲಿನುದ್ದಕ್ಕೂ ಹಾಗೇ: ಒಂದು ಎಲೆ ತೆರೆದಿದ್ದರೆ ಇನ್ನೊಂದು ಮುಚ್ಚಿರುವುದು. ಐದು ನಿಮಿಷದ ಮೇಲೆ ಅಸಿಡಿಟಿಯಾಕೆ ಇನ್ನೊಬ್ಬನ ಬಕೆಟ್ಟಿನಿಂದ ಎರಡು ಸೌಟು ಹುಳಿ ಹಾಕಿಸಿಕೊಂಡಳು. ಅವಳಿಗೆ ಏನೆಂದು ಬೈಯಲಿ? ಅವಳ ಬಾಯಲ್ಲಿದ್ದದ್ದು ನನ್ನದೇ ಪಾಠ.

ಊಟವಾದ ಮೇಲೆ ಹಿಂದಿನ ಕೋಣೆಗೆ ಓಡಿದೆ. ಅವರು ಆಗಲೇ ಪ್ಯಾಂಟು ಮಡಿಚಿ ಪಾತ್ರೆಗೆ ಇಳಿದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರು ನಕ್ಕರು.

"ನೀವ್ಯಾಕ್ರೀ ಇಷ್ಟು ಹೆದರೀರಿ? ಎಡಗೈ ಚೆಂಡು ಮೊದಲನೇ ಸಲ ನೋಡಿದಾಗ ಎಲ್ಲಾರೂ ಹಿಂದ ಸರೀತಾರ. ನಿಮ್ಮ ಮಗ ಸರೀಲಿಲ್ಲೇನು? ಅವರು ಕೆಟ್ಟವರಂತಲ್ಲ. ನೋಡಿಲ್ಲ, ಅಷ್ಟ. ಒಂದು ಹತ್ತು ಸಲ ನೋಡ್ಲಿ. ಹತ್ತು ತಿಂಗಳು ಕೊಡ್ರಿ ನನಗ."

ಕೊಟ್ಟೆ. ಏಪ್ರಿಲ್, ಮೇ, ಜೂನ್, ಜುಲೈ, ಆಗಸ್ಟ್. ಐದು ಊಟ. ಒಂದು ಸಲವೂ ಒಂದು ಹನಿ ಚೆಲ್ಲಲಿಲ್ಲ. ಪ್ರತಿ ಸಲವೂ ನಾನು ಮೊದಲ ಎಲೆಗೆ ಕೂತೆ. ಹನ್ನೆರಡು ವರ್ಷದ ಹಿಂದಿನ ಮಾತಿಗೆ ಕ್ಷಮೆ ಕೇಳಬೇಕೆಂದು ಪ್ರತಿ ಸಲವೂ ಅಂದುಕೊಂಡೆ. ಎದುರು ಹೋದರೆ ನನ್ನ ಬಾಯಿಂದ ಬರುತ್ತಿದ್ದದ್ದು, "ಮುಂದಿನ ಸಲ ಹನ್ನೆರಡಕ್ಕೇ ಬಂದುಬಿಡಿ." ಹತ್ತನೆಯ ಊಟದ ದಿನ ಎಲ್ಲರೆದುರು ಮೈಕಿನಲ್ಲಿ ಕೇಳುವುದೆಂದು ತೀರ್ಮಾನಿಸಿದೆ. ನನಗೆ ಎಲ್ಲದಕ್ಕೂ ದಿನ ಗೊತ್ತುಮಾಡುವ ರೋಗ.

ಆಗಸ್ಟಿನ ಕೊನೆಯ ಗುರುವಾರ ಮಧ್ಯಾಹ್ನ ಮಗ ಆಫೀಸಿನಿಂದ ಫೋನ್ ಮಾಡಿದ. "ಅಮ್ಮಾ, ಲೆಫ್ಟಿ ಅಂಕಲ್..." ಎಂದ. ಅವರ ಹೃದಯ ನಿಂತಿತ್ತು. ಬೆಳಗ್ಗೆ ಕಾಫಿ ಮಾಡಿಕೊಂಡು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಸಾವಿರ ಸಾವು ಕಂಡವಳು ನಾನು, ಫೋನನ್ನು ತಿರುಗುಮುರುಗು ಹಿಡಿದುಕೊಂಡು ಹಲೋ ಹಲೋ ಎನ್ನುತ್ತಿದ್ದೆ.

ಫ್ಯೂನರಲ್ ಹೋಮಿನಲ್ಲಿ ಒಂದು ಕಡೆ ನಮ್ಮ ಊಟದ ಹಾಲ್‌ನವರು, ಇನ್ನೊಂದು ಕಡೆ ಕ್ಯಾಪು ಕೈಯಲ್ಲಿ ಹಿಡಿದು ನಿಂತ ಬೇಸ್‌ಬಾಲ್ ಜನ. ಒಬ್ಬರಿಗೂ ಇನ್ನೊಬ್ಬರ ಪರಿಚಯವಿಲ್ಲ. ಪಾತ್ರೆ ಅಂಕಲ್ ಎಂದರೆ ಅವರಿಗೆ ಗೊತ್ತಿಲ್ಲ, ಲೆಫ್ಟಿ ಅಂಕಲ್ ಎಂದರೆ ಇವರಿಗೆ ಗೊತ್ತಿಲ್ಲ.

ಬಾಯಿಗೆ ತುಳಸಿ ನೀರು ಬಿಡುವ ಹೊತ್ತು. ಪುರೋಹಿತರು, "ಮಗಳು ಬರಬೇಕಮ್ಮ," ಎಂದರು. ನಲವತ್ತರ ಹತ್ತಿರದ ಹೆಂಗಸು, ಅಪ್ಪನದೇ ಅಗಲ ಹಣೆ. ಉದ್ಧರಣೆಯ ಪುಟ್ಟ ಚಮಚವನ್ನು ಎಡಗೈಯಲ್ಲಿ ತೆಗೆದುಕೊಂಡಳು.

"ಬಲಗೈ, ಬಲಗೈ," ಎಂದರು ಪುರೋಹಿತರು ಮೆಲ್ಲಗೆ.

ಅವಳು ನಿಂತಳು. ಸುತ್ತ ನೋಡಿದಳು. ಸಾಲಿನಲ್ಲಿ ನನ್ನನ್ನು ಹುಡುಕಿ ತೆಗೆದಳು. ಹನ್ನೆರಡು ವರ್ಷದ ಮೇಲೆ ನನ್ನ ಮುಖ ಅವಳಿಗೆ ನೆನಪಿತ್ತು.

"ನೀವೇ ಹೇಳಿ, ಆಂಟಿ. ಯಾವ ಕೈ?"

ದನಿ ಎತ್ತರವೇನಿರಲಿಲ್ಲ. ನನ್ನ ಹಾಲ್‌ನವರೆಲ್ಲ ನನ್ನ ಕಡೆಗೇ ನೋಡುತ್ತಿದ್ದರು.

"ನಿನ್ನ ಕೈ," ಎಂದೆ. ಮಾತು ಸರಿಯಾಗಿ ಹೊರಬರದೆ ಇನ್ನೊಮ್ಮೆ ಹೇಳಬೇಕಾಯಿತು. "ನಿನ್ನದು ಯಾವುದೋ ಆ ಕೈ." ಪುರೋಹಿತರಿಗೆ, "ಮುಂದುವರಿಸಿ," ಎಂದೆ.

ಅವಳು ಎಡಗೈಯಲ್ಲೇ ನೀರು ಬಿಟ್ಟಳು.

ಹೊರಗೆ ಕಾರಿನ ಹತ್ತಿರ ಅವಳು ಒಬ್ಬಳೇ ನಿಂತಿದ್ದಾಗ ನಾನು ಹೋದೆ. ಅವಳೇ ಮೊದಲು ಮಾತಾಡಿದಳು. ಅಪ್ಪ ಪ್ರತಿ ಊಟದ ದಿನ ಸಂಜೆ ಫೋನ್ ಮಾಡಿ, ಇವತ್ತು ಎಷ್ಟು ಜನ ಎಲೆಗೆ ಅಡ್ಡ ಕೈ ಹಿಡಿದರು ಎಂದು ಲೆಕ್ಕ ಹೇಳುತ್ತಿದ್ದರಂತೆ, ಯಾವುದೋ ಪಂದ್ಯದ ಸ್ಕೋರು ಹೇಳಿದ ಹಾಗೆ. ಮೊದಲ ಸಲ ಎಣಿಸಲಾಗದಷ್ಟು. ಆಗಸ್ಟಿನಲ್ಲಿ ನಾಲ್ಕೇ ಜನ.

"ಹೀ ವಾಸ್ ಸೋ ಹ್ಯಾಪಿ, ಆಂಟಿ."

ಇನ್ನು ದಿನ ಗೊತ್ತುಮಾಡುವ ಹಾಗಿರಲಿಲ್ಲ. "ಅವತ್ತಿನದಕ್ಕೆ ನಾನು ಅವರ ಹತ್ತಿರ ಒಂದು ಸಲವೂ ಕ್ಷಮೆ ಕೇಳಲಿಲ್ಲಮ್ಮ," ಎಂದೆ. "ನಿನ್ನ ಹತ್ತಿರವೂ ಕೇಳಿಲ್ಲ. ಈಗ ಕೇಳ್ತಿದೀನಿ."

ಅವಳು ಕಾರಿನ ಬಾಗಿಲ ಮೇಲೆ ಎಡಗೈ ಇಟ್ಟುಕೊಂಡು ನನ್ನನ್ನು ನೋಡಿದಳು.

"ಅಪ್ಪ ಆಗಿದ್ರ ಪರವಾಗಿಲ್ಲ ಅಂತಿದ್ರು," ಎಂದಳು. "ನನಗ ಆಗವಲ್ದು, ಆಂಟಿ. ನಾಟ್ ಯೆಟ್."

ಸರಿ ಎಂದೆ. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.